ತುಂಗಭದ್ರೆಯ ಪಾಲು: ಕಾಲುವೆಯ ಕೊನೆಯಿಂದ ಕಂಡ ಇತಿಹಾಸ

ನಮ್ಮ ಶಾಲೆಯು ಆರಂಭವಾದಾಗ ಆದವಾನಿ ಸೀಮೆಯು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ತುಂಗಭದ್ರೆಯು ಅಂದೂ ಜಿಲ್ಲೆಯ ಉತ್ತರದ ಎಲ್ಲೆಯಾಗಿ ಹರಿಯುತ್ತಿತ್ತು. ಆಚೆಯ ದಡ ನಿಜಾಮರದು, ಈಚೆಯದು ಕಂಪನಿ ಸರ್ಕಾರದಿಂದ ಬ್ರಿಟಿಷ್ ದೊರೆತನಕ್ಕೆ ಬಂದುದು. ಅಣೆಕಟ್ಟೆ ಇರಲಿಲ್ಲ, ಕಾಲುವೆ ಇರಲಿಲ್ಲ. ಇಂದು ನಮ್ಮ ಮಕ್ಕಳು ಕುಡಿಯುವ ನೀರು ಹೊಸಪೇಟೆಯ ಅಣೆಕಟ್ಟೆಯಿಂದ ಕಾಲುವೆಯ ಮೂಲಕ ಬರುತ್ತದೆ. ಈ ಎರಡು ಸ್ಥಿತಿಗಳ ನಡುವೆ ನಡೆದುದೇ ನಮ್ಮ ಸೀಮೆಯ ನೂರು ವರ್ಷಗಳ ಚರಿತ್ರೆಯ ದೊಡ್ಡ ಭಾಗವೆಂದು ನಾವು ಭಾವಿಸುತ್ತೇವೆ.

ಎರೆಭೂಮಿಯ ಈ ನಾಡಿನಲ್ಲಿ ಜೋಳ, ನವಣೆ, ಹತ್ತಿ ಮಳೆಯನ್ನು ನಂಬಿಯೇ ಬೆಳೆಯುತ್ತಿದ್ದವು. ಮಳೆ ಕೈಕೊಟ್ಟಾಗ ಏನಾಗುತ್ತದೆಂಬುದನ್ನು 1876ರಿಂದ 1878ರವರೆಗಿನ ಬರವು ತೋರಿಸಿತು. ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದುದರಿಂದ ಅದನ್ನು ಹಿರಿಯರು ಧಾತು-ಈಶ್ವರ ಬರವೆಂದೇ ಕರೆದರು. ಬಳ್ಳಾರಿ ಜಿಲ್ಲೆಯು ಮದರಾಸು ಪ್ರಾಂತದಲ್ಲಿಯೇ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದು. ಪಕ್ಕದಲ್ಲಿಯೇ ಮಲೆನಾಡಿನ ನೀರನ್ನು ಹೊತ್ತ ಹೊಳೆ ಹರಿದು ಹೋಗುತ್ತಿರಲು ಜನ ಅನ್ನವಿಲ್ಲದೆ ಸತ್ತರು. ಆ ನೀರನ್ನು ಕಟ್ಟಿ ನಿಲ್ಲಿಸಬೇಕೆಂಬ ಮಾತು ಬರಕ್ಕೂ ಮೊದಲೇ, 1860ರ ಸುಮಾರಿಗೆ, ಸರ್ ಆರ್ಥರ್ ಕಾಟನ್ನರಿಂದ ಬಂದಿತ್ತು. ಆ ಕಾಲದಲ್ಲಿ ಆದುದು ಮಾತ್ರ ಸುಂಕೇಸುಲದಿಂದ ಹೊರಟ ಕರ್ನೂಲು-ಕಡಪ ಕಾಲುವೆ. ಅದು ನಮಗಿಂತ ಕೆಳಗೆ ತಿರುಗಿದ್ದರಿಂದ ಈ ಸೀಮೆಗೆ ಒಂದು ಹನಿಯನ್ನೂ ಕೊಡಲಿಲ್ಲ.

ನದಿ ಎರಡು ಸರ್ಕಾರಗಳ ಗಡಿಯಾಗಿದ್ದುದೇ ಮುಖ್ಯ ತೊಡಕು. ಮದರಾಸು ಮತ್ತು ಹೈದರಾಬಾದು ಒಪ್ಪಂದಕ್ಕೆ ಬರುವಷ್ಟರಲ್ಲಿ 1944 ಆಗಿತ್ತು. ತಲಾ 65 ಟಿ.ಎಂ.ಸಿ. ನೀರೆಂದು ನಿಶ್ಚಯವಾಯಿತು. (ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ.) 1945ರ ಫೆಬ್ರವರಿಯಲ್ಲಿ ಎರಡೂ ದಡಗಳಲ್ಲಿ ಶಂಕುಸ್ಥಾಪನೆಯಾಯಿತು. ಕಾಮಗಾರಿ ಮುಗಿಯುವ ಮೊದಲೇ ದೇಶ ಸ್ವತಂತ್ರವಾಯಿತು, ಹೈದರಾಬಾದು ಒಕ್ಕೂಟದಲ್ಲಿ ಸೇರಿತು. 1953ರಲ್ಲಿ ನೀರು ನಿಂತಿತು. ನಾರಾಯಣದೇವರಕೆರೆ ಮೊದಲಾದ ಸುಮಾರು ತೊಂಬತ್ತು ಊರುಗಳು ಆ ನೀರಿನ ಕೆಳಗೆ ಹೋದವು. ನಮ್ಮ ಹೊಲಕ್ಕೆ ಬಂದ ನೀರಿನ ಲೆಕ್ಕದಲ್ಲಿ ಆ ಊರುಗಳನ್ನೂ ಸೇರಿಸಿಕೊಳ್ಳುವುದು ನ್ಯಾಯ.

ನೀರು ನಿಂತ ವರ್ಷವೇ ನಾಡು ಒಡೆಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು. ಮಿಕ್ಕವು ಮೈಸೂರಿಗೆ ಹೋದವು. ಅಣೆಕಟ್ಟೆ ಮೈಸೂರಿಗಾಯಿತು, ಅದರ ಬಲದಂಡೆಯ ಕಾಲುವೆಗಳ ಕೊನೆ ಆಂಧ್ರಕ್ಕಾಯಿತು. ಮನೆ ಪಾಲಾದಾಗ ಬಾವಿಯನ್ನು ಪಾಲು ಮಾಡಲಾಗದೆ ಅಣ್ಣತಮ್ಮಂದಿರು ಸರದಿಯ ಮೇಲೆ ನೀರು ಸೇದುವಂತೆ, ಈ ಜಲಾಶಯಕ್ಕೂ ಒಂದು ಏರ್ಪಾಡು ಬೇಕಾಯಿತು. ಕೇಂದ್ರ ಸರ್ಕಾರದ ಅಧ್ಯಕ್ಷರನ್ನೂ ಸಂಬಂಧಪಟ್ಟ ರಾಜ್ಯಗಳ ಪ್ರತಿನಿಧಿಗಳನ್ನೂ ಒಳಗೊಂಡ ತುಂಗಭದ್ರಾ ಮಂಡಳಿಯು ಹೀಗೆ ಹುಟ್ಟಿತು. ಕನ್ನಡ ಕಲಿಸುವ ನಮ್ಮಂಥ ಶಾಲೆಗಳು ಗಡಿಯ ಈಚೆ ಉಳಿದುದಕ್ಕೂ ಈ ಮಂಡಳಿ ಹುಟ್ಟಿದುದಕ್ಕೂ ಕಾರಣ ಒಂದೇ ವಿಭಜನೆ.

ಮಂಡಳಿಯು ನೀರು ಹಂಚುವ ಲೆಕ್ಕಕ್ಕೆ ಆಧಾರ ಬಚಾವತ್ ನ್ಯಾಯಮಂಡಳಿಯದು. 1969ರಲ್ಲಿ ನೇಮಕಗೊಂಡ ಅದು 1976ರಲ್ಲಿ ಅಂತಿಮ ತೀರ್ಪನ್ನು ಕೊಟ್ಟಿತು. ಅಣೆಕಟ್ಟೆಯಲ್ಲಿ ವರ್ಷಕ್ಕೆ 230 ಟಿ.ಎಂ.ಸಿ. ಬಳಕೆ, ಅದರಲ್ಲಿ 18 ಆವಿಯಾಗಿ ಹೋಗುವ ನೀರು. ಉಳಿದ 212ರಲ್ಲಿ ಕರ್ನಾಟಕಕ್ಕೆ 138.99, ಅಂದಿನ ಆಂಧ್ರಪ್ರದೇಶಕ್ಕೆ 73.01. ಆದವಾನಿಯತ್ತ ಬರುವ ಕೆಳಮಟ್ಟದ ಕಾಲುವೆಯಲ್ಲಿ ಆಂಧ್ರದ ಪಾಲು 24, ರಾಯದುರ್ಗ-ಅನಂತಪುರದತ್ತ ಹೋಗುವ ಮೇಲ್ಮಟ್ಟದ ಕಾಲುವೆಯಲ್ಲಿ 32.5. ಬಿಸಿಲು ಕುಡಿಯುವ 18ನ್ನು ನಮ್ಮ ಕಾಲುವೆಯ 24ರ ಪಕ್ಕದಲ್ಲಿಟ್ಟು ನೋಡಿದರೆ ಈ ನಾಡಿನ ಬಿಸಿಲು ಎಂಥದೆಂಬುದು ಅರಿವಾದೀತು.

ಅಂಕಿಗಳು ಕಾಗದದ ಮೇಲೆ ಅಚ್ಚುಕಟ್ಟಾಗಿವೆ. ನದಿಯು ಆ ಅಂಕಿಗಳಿಗೆ ತಕ್ಕಂತೆ ನಡೆಯದು. 133 ಟಿ.ಎಂ.ಸಿ. ಹಿಡಿಯುವಂತೆ ಕಟ್ಟಿದ ಜಲಾಶಯದಲ್ಲಿ ಹೂಳು ತುಂಬಿ ಈಗ ಉಳಿದಿರುವ ಸಾಮರ್ಥ್ಯ ಸುಮಾರು 105. ನೀರು ಕಡಿಮೆಯಾದ ವರ್ಷ ಮಂಡಳಿಯು ಲಭ್ಯತೆಯನ್ನು ಅಂದಾಜಿಸಿ ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತದೆ. ರಾಜ್ಯ-ರಾಜ್ಯಗಳ ನಡುವೆ ಈ ಪದ್ಧತಿಯು, ಗುದ್ದಾಟಗಳಿದ್ದರೂ, ಏಳು ದಶಕ ನಡೆದು ಬಂದಿದೆ. ಇದನ್ನು ಸಣ್ಣ ಸಾಧನೆಯೆನ್ನಲಾಗದು. ಪತ್ರಿಕೆಗಳಲ್ಲಿ ನೀರಿನ ಜಗಳವೆಂದರೆ ರಾಜ್ಯಗಳ ಜಗಳವೆಂದೇ ಅರ್ಥ. ಕಾಲುವೆಯ ಕೊನೆಯಲ್ಲಿ ನಿಂತವರಿಗೆ ಕಾಣುವುದು ಬೇರೆ.

ಈ ಕಾಲುವೆಗಳನ್ನು ತೋಡಿದುದು ಬರದಿಂದ ರಕ್ಷಿಸಲಿಕ್ಕೆ. ಸ್ವಲ್ಪ ನೀರು, ಬಹಳ ಭೂಮಿ: ಇದು ಮೂಲ ಎಣಿಕೆ. ಜೋಳಕ್ಕೋ ಹತ್ತಿಗೋ ಎರಡು ಮೂರು ಸಲ ನೀರು ಹಾಯಿಸಿದರೆ ಬೆಳೆ ಕೈಗೆ ಬರುತ್ತದೆ. ಆದ್ದರಿಂದ ಯಾವ ಜಮೀನಿಗೆ ಯಾವ ಬೆಳೆಯೆಂದು ಸರ್ಕಾರವೇ ಗೊತ್ತುಮಾಡಿತ್ತು. ಆದರೆ ನೀರು ಕಣ್ಣೆದುರು ಹರಿಯುವಾಗ ಭತ್ತ ಬೆಳೆಯದೆ ಇರುವವರು ಯಾರು? ಗಂಗಾವತಿ, ಕಂಪ್ಲಿ, ಸಿರುಗುಪ್ಪಗಳ ಕಡೆ ಭತ್ತವು ಹಬ್ಬಿತು. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರು ಅದರಲ್ಲಿ ಮುಂದಾದರು. ಸ್ಥಳೀಯರು ಹಿಂದೆ ಬೀಳಲಿಲ್ಲ. ಅಲ್ಲಿಯ ಅಕ್ಕಿಯಿಂದ ಎಷ್ಟೋ ಊರುಗಳ ಹೊಟ್ಟೆ ತುಂಬಿತೆಂಬುದೂ ನಿಜ. ಕೆಳಮಟ್ಟದ ಕಾಲುವೆಯು ಮಂಡಳಿಯ ಉಸ್ತುವಾರಿಯಲ್ಲಿ ಸುಮಾರು 250 ಕಿಲೋಮೀಟರು ಹರಿದ ಬಳಿಕ ನಮಗೆ ಸಿಗುವುದು ಮೇಲಿನವರು ಬಿಟ್ಟ ನೀರು. ತೂಬು ಮುರಿದವರ, ಪಂಪು ಇಟ್ಟವರ ಮೇಲೆ ದೂರು ಹೇಳುವುದು ಸುಲಭ. ನಮ್ಮ ಕಡೆಯೂ ಕಾಲುವೆ ಬಾಯಿಗೆ ಹತ್ತಿರವಿದ್ದವರು ತಮಗಿಂತ ಕೆಳಗಿನವರಿಗೆ ಅದನ್ನೇ ಮಾಡಿದ್ದಾರೆ. ಆ ಮಾತನ್ನು ಮುಚ್ಚಿಡಬಾರದು.

ಅದರ ಫಲವು ನಮ್ಮ ಹಾಜರಿ ಪುಸ್ತಕದಲ್ಲಿ ಕಾಣುತ್ತದೆ. ಕಾಲುವೆಗೆ ನೀರು ಬಾರದ, ಮಳೆಯೂ ಇಲ್ಲದ ವರ್ಷಗಳಲ್ಲಿ ದೀಪಾವಳಿ ಕಳೆದ ಮೇಲೆ ಮನೆಮಂದಿಯೆಲ್ಲ ಗುಳೆ ಹೊರಡುತ್ತಾರೆ. ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸುವ ಕೆಲಸಕ್ಕೆ. ತಂದೆತಾಯಿಗಳ ಜೊತೆ ಮಕ್ಕಳೂ ಹೋಗುತ್ತಾರೆ. ಯುಗಾದಿಯ ಹೊತ್ತಿಗೆ ಮರಳಿದ ಮಗು ಅಲ್ಲಿಯವರೆಗೆ ಕಲಿತ ಅಕ್ಷರವನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಕೆಲವರು ಮರಳುವುದೇ ಇಲ್ಲ. ಗಡಿಯಲ್ಲಿ ಕನ್ನಡ ಶಾಲೆಗಳು ಸೊರಗುವುದಕ್ಕೆ ಭಾಷೆಯ ಕಾರಣಗಳನ್ನು ಮಾತ್ರ ಹುಡುಕುವವರು ಈ ಕಾಲುವೆಯ ಮೇಲೆ ಒಮ್ಮೆ ನಡೆದು ಬರಬೇಕು.

ವಿದ್ಯುತ್ತಿನ ವಿಷಯದಲ್ಲಿ ಜಗಳ ಕಡಿಮೆ. ಬಲದಂಡೆಯಲ್ಲಿ ಅಣೆಕಟ್ಟೆಯ ಬುಡದಲ್ಲಿಯೂ ಹಂಪಿಯ ಬಳಿಯೂ ಇರುವ ಎರಡು ವಿದ್ಯುದಾಗಾರಗಳ ಒಟ್ಟು ಸಾಮರ್ಥ್ಯ 72 ಮೆಗಾವಾಟ್. ಅದರಲ್ಲಿ ಆಂಧ್ರದ ಪಾಲು ನೂರಕ್ಕೆ 80. ನೀರಿನ ದೊಡ್ಡ ಪಾಲು ಅವರಿಗೆ, ಇಲ್ಲಿನ ಬೆಳಕಿನ ದೊಡ್ಡ ಪಾಲು ಇವರಿಗೆ.

ನದಿಗೆಂದೇ ಒಂದು ಪಾಲನ್ನು 1976ರ ಆ ಹಂಚಿಕೆಯ ಪಟ್ಟಿಯಲ್ಲಿ ಯಾರೂ ಬರೆಯಲಿಲ್ಲ. ಅಣೆಕಟ್ಟೆಯ ಕೆಳಗೆ, ಹಂಪಿಯ ಬಂಡೆಗಳ ನಡುವೆ, ನೀರುನಾಯಿಗಳು ಬದುಕುತ್ತವೆ. ಹರಿಗೋಲಿನಲ್ಲಿ ಮೀನು ಹಿಡಿಯುವವರೂ ಅದೇ ನೀರನ್ನು ನಂಬಿದ್ದಾರೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು ಹೊಳೆಯನ್ನು ಕರ್ನಾಟಕ ಸರ್ಕಾರವು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಸಾರಿತು. ಬೇಸಿಗೆಯಲ್ಲಿ ಹೊಳೆ ಬತ್ತಿ ಮಡುಗಳಷ್ಟೇ ಉಳಿದಾಗ ಆ ಪ್ರಾಣಿಯೂ ನಮ್ಮಂತೆಯೇ ಕೊನೆಭಾಗದ ಹಕ್ಕುದಾರ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ ಹತ್ತೊಂಬತ್ತನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯವನ್ನು ಖಾಲಿ ಮಾಡುತ್ತಲೇ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸುವ ಕೆಲಸವನ್ನು ಒಂದು ವಾರದಲ್ಲಿ ಮುಗಿಸಿದರು. ಆ ವಾರ ಹೊಸಪೇಟೆಯ ಸುದ್ದಿಗಾಗಿ ಬಳ್ಳಾರಿ, ರಾಯಚೂರಿನವರು ಕಾದಂತೆಯೇ ಆದವಾನಿಯವರೂ ರಾಯದುರ್ಗದವರೂ ಕಾದರು. ಆ ವರ್ಷ ಮಳೆ ಕೈಹಿಡಿದು ಜಲಾಶಯ ಮತ್ತೆ ತುಂಬಿತು. ಹಳೆಯ ಗೇಟುಗಳ ಮೇಲೆ ಭಾರ ಹಾಕಬಾರದೆಂದು ಮರುವರ್ಷ, 2025ರಲ್ಲಿ, ಸಂಗ್ರಹವನ್ನು 80 ಟಿ.ಎಂ.ಸಿ.ಗೆ ಮಿತಿಗೊಳಿಸಿದರು. ಆ ಎಂಬತ್ತರಲ್ಲಿ ಕಾಲುವೆಯ ಕೊನೆಗೆ ಎಷ್ಟು ಬರುವುದೆಂದು ಊರಿನ ಹಿರಿಯರು ಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕುತ್ತಿದ್ದರೆ, ದೀಪಾವಳಿಯ ನಂತರ ಯಾವ ತರಗತಿಯಲ್ಲಿ ಎಷ್ಟು ಮಕ್ಕಳು ಉಳಿದಾರೆಂದು ನಾವು ಶಾಲೆಯಲ್ಲಿ ಎಣಿಸುತ್ತಿದ್ದೆವು.