ಲಂಗರು ಹಾಕಿದ ಹಡಗು ಯಾರ ಅಮಾನತು?

ಖುರ್‌ಆನಿನ ‘ಅಲ್ ಕಹ್ಫ್’ ಅಧ್ಯಾಯದಲ್ಲಿ ಒಂದು ದೋಣಿಯ ಪ್ರಸಂಗವಿದೆ. ಪ್ರವಾದಿ ಮೂಸಾ(ಅ)ರ ಜೊತೆ ಹೊರಟ ಆ ಜ್ಞಾನಿ, ಪರಂಪರೆ ಖಿಝ್ರ್ ಎಂದು ಕರೆಯುವವರು, ತಾವು ಏರಿದ ಬಡವರ ದೋಣಿಯನ್ನೇ ಊನಗೊಳಿಸುತ್ತಾರೆ. ಕಾರಣ ಆಮೇಲೆ ತಿಳಿಯುತ್ತದೆ. ದೋಣಿಗಳನ್ನು ಬಲಾತ್ಕಾರದಿಂದ ಕಿತ್ತುಕೊಳ್ಳುವ ದೊರೆಯೊಬ್ಬ ಮುಂದೆ ಇದ್ದ. ನಾವು ಚಿಕ್ಕಂದಿನಿಂದ ಇದನ್ನು ತಾಳ್ಮೆಯ ಪಾಠವೆಂದೇ ಕೇಳುತ್ತ ಬಂದಿದ್ದೇವೆ. ನಮ್ಮ ಕರಾವಳಿಯ ಚರಿತ್ರೆ ಓದುವಾಗ ಮಾತ್ರ ಅದರ ಇನ್ನೊಂದು ಮುಖ ಕಾಣುತ್ತದೆ. ಹಡಗಿನ ಕಳ್ಳ ಕತ್ತಲಲ್ಲೇ ಬರಬೇಕೆಂದಿಲ್ಲ. ಹಗಲು ಹೊತ್ತಿನಲ್ಲಿ, ಕಾನೂನು ಹೇಳಿಕೊಂಡೂ ಬರುತ್ತಿದ್ದ.

ಹಾಯಿಹಡಗು ಗಾಳಿಯ ಅಡಿಯಾಳು. ಅರಬಿಯ ‘ಮೌಸಿಮ್’ ಎಂಬ ಮಾತೇ ‘ಮಾನ್ಸೂನ್’ ಆಗಿದೆ. ಬಂದ ಹಡಗು ತಿರುಗಿ ಹೋಗಲು ಎದುರು ಗಾಳಿ ಬೀಸುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಕಲ್ಲಿಕೋಟೆಯಲ್ಲಂತೂ ಅಲೆಗೆ ಮರೆಯಾದ ಬಂದರೇ ಇರಲಿಲ್ಲ. ಹಡಗುಗಳು ಬಯಲು ಸಮುದ್ರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು, ಸರಕು ಸಣ್ಣ ದೋಣಿಗಳಲ್ಲಿ ದಡಕ್ಕೆ ಬರುತ್ತಿತ್ತು. ಹೀಗೆ ನಿಂತ ಹಡಗನ್ನು ಕಾಯುವವರು ಯಾರು?

ಹಲವು ಬಂದರುಗಳಲ್ಲಿ ಉತ್ತರ ಸುಲಭವಾಗಿತ್ತು: ಯಾರೂ ಇಲ್ಲ. ಏಳಿಮಲೆಯ ಕಡೆ, ಬೇರೆಲ್ಲೋ ಹೋಗಬೇಕಿದ್ದ ಹಡಗು ಬಂದು ನಿಂತರೆ ದೇವರೇ ಕಳಿಸಿದನೆಂದು ದೋಚುತ್ತಿದ್ದರೆಂದು ಮಾರ್ಕೋ ಪೋಲೋ ಬರೆದಿದ್ದಾನೆ. ಪೂರ್ವ ಕರಾವಳಿಯ ಮೋಟುಪಲ್ಲಿಯಲ್ಲಿ ಕಾಕತೀಯ ಗಣಪತಿದೇವ 1244ರ ಸುಮಾರಿಗೆ ಅಭಯ ಶಾಸನವನ್ನೇ ಹಾಕಿಸಬೇಕಾಯಿತು. ಬಿರುಗಾಳಿಗೆ ಸಿಕ್ಕಿ ದಡ ಸೇರಿದ ಹಡಗಿನ ಸೊತ್ತನ್ನು ಹಿಂದಿನ ರಾಜರಂತೆ ಕಸಿಯದೆ, ಗೊತ್ತುಪಡಿಸಿದ ಸುಂಕ ಮಾತ್ರ ಪಡೆಯುವುದಾಗಿ ಅದರಲ್ಲಿ ಮಾತು ಕೊಟ್ಟಿದ್ದಾನೆ.

ನಮ್ಮ ಕನ್ನಡ ಕರಾವಳಿಯೂ ಇದಕ್ಕೆ ಹೊರತಲ್ಲ. 1340ರ ದಶಕದ ಆರಂಭದಲ್ಲಿ ಇಲ್ಲಿ ಹಾದುಹೋದ ಇಬ್ನ್ ಬತೂತ, ಬಾರಕೂರು ಎಂದು ವಿದ್ವಾಂಸರು ಗುರುತಿಸುವ ‘ಫಾಕನೂರ್’ ಬಗ್ಗೆ ಬರೆದಿದ್ದಾನೆ. ಹಾದುಹೋಗುವ ಹಡಗು ಅಲ್ಲಿ ನಿಂತು ಕಾಣಿಕೆ ಕೊಡಬೇಕು. ಅದಕ್ಕೆ ‘ಬಂದರಿನ ಹಕ್ಕು’ ಎಂದು ಹೆಸರು. ಕೊಡದೆ ಹೋದರೆ ಬೆನ್ನಟ್ಟಿ ಹಿಡಿದು ತಂದು ದುಪ್ಪಟ್ಟು ಸುಂಕ ಹೇರುತ್ತಿದ್ದರು. ಅಲ್ಲಿನ ಅರಸನ ಸುಮಾರು 30 ಹಡಗುಗಳ ನಾಯಕ ಲೂಲಾ ಎಂಬ ಮುಸ್ಲಿಮ. ಅವನನ್ನು ಇಬ್ನ್ ಬತೂತ ಮುಲಾಜಿಲ್ಲದೆ ಕಡಲುಗಳ್ಳನೆಂದೇ ಕರೆಯುತ್ತಾನೆ. ಕಡಲ ಲೂಟಿಗೆ ಜಾತಿಮತ ಹಚ್ಚಲು ಹೊರಡುವವರು, ಅವರು ಯಾವ ಕಡೆಯವರೇ ಆಗಿರಲಿ, ಈ ಪುಟವನ್ನೊಮ್ಮೆ ಓದಬೇಕು.

ಅದೇ ಯಾತ್ರಿಕ ಕಲ್ಲಿಕೋಟೆಯಲ್ಲಿ ಚೀನಾಕ್ಕೆ ಹೋಗುವ ಗಾಳಿಗಾಗಿ ಮೂರು ತಿಂಗಳು ಕಾದ. ಆಗ ಅಲ್ಲಿ 13 ಚೀನೀ ಹಡಗುಗಳಿದ್ದವಂತೆ. ಜುಮಾ ನಮಾಝಿಗೆಂದು ಅವನು ದಡದಲ್ಲಿ ಉಳಿದಾಗ ಬಿರುಗಾಳಿ ಎದ್ದಿತು. ಮುಹಮ್ಮದ್ ಬಿನ್ ತುಘಲಕನ ಕಾಣಿಕೆ ಹೊತ್ತ ದೊಡ್ಡ ಹಡಗು ಒಡೆದುಹೋಯಿತು. ಅಲೆ ಎಸೆದದ್ದನ್ನು ಜನ ಬಾಚಿಕೊಳ್ಳಲು ಬಂದರೆ, ಸಾಮೂದಿರಿ ಬರಿಗಾಲಲ್ಲಿ ದಡದಲ್ಲೇ ನಿಂತಿದ್ದ. ಅವನ ಕಾವಲಿನವರು ದೋಚಲು ಬಂದವರನ್ನು ಹೊಡೆದು ಓಡಿಸುತ್ತಿದ್ದರು. ಮಲಬಾರಿನ ಬೇರೆಡೆ ಇಂಥ ಸೊತ್ತು ಬೊಕ್ಕಸಕ್ಕೆ, ಕಲ್ಲಿಕೋಟೆಯಲ್ಲಿ ಮಾತ್ರ ಒಡೆಯನಿಗೆ. ವಿಪರ್ಯಾಸವೆಂದರೆ ಇಬ್ನ್ ಬತೂತನ ಸ್ವಂತ ಸಾಮಾನಿದ್ದ ಸಣ್ಣ ಹಡಗು ಬಿರುಗಾಳಿಯಿಂದ ಪಾರಾಗಿ ಹೊರಟುಹೋಯಿತು. ಮುಂದೆ ಸುಮಾತ್ರಾದ ಕಡೆ ಅದರಲ್ಲಿದ್ದುದೆಲ್ಲ ಕಂಡವರ ಪಾಲಾಯಿತು.

ನೂರು ವರ್ಷಗಳ ನಂತರ, 1442ರಲ್ಲಿ, ಹಿರಾತಿನ ಶಾಹ್‌ರುಖ್‌ನ ದೂತ ಅಬ್ದುರ‍್ರಝಾಕ್ ಸಮರ್ಕಂದಿ ಅಲ್ಲಿಗೆ ಬಂದ. ಅವನಿಗೆ ಕಲ್ಲಿಕೋಟೆ ಒಗ್ಗಲಿಲ್ಲ. ಆಸ್ಥಾನದಲ್ಲಿ ಮರ್ಯಾದೆ ಸಿಗಲಿಲ್ಲವೆಂದು ಗೊಣಗಿದ್ದಾನೆ. ಮರುವರ್ಷ ಮಂಗಳೂರಿನ ದಾರಿಯಾಗಿ ವಿಜಯನಗರ ಸೇರಿದ ಮೇಲೆಯೇ ಅವನ ಲೇಖನಿ ಅರಳುವುದು. ಆದ್ದರಿಂದಲೇ ಅವನ ಹೊಗಳಿಕೆಗೆ ತೂಕವಿದೆ. ವ್ಯಾಪಾರಿಗಳು ಸರಕು ಇಳಿಸಿ ಲೆಕ್ಕವನ್ನೂ ನೋಡದೆ ಪೇಟೆಗೆ ಕಳಿಸುತ್ತಿದ್ದರು. ಸುಂಕದವರೇ ಹಗಲಿರುಳು ಕಾವಲು. ಮಾರಾಟವಾದರೆ ನಲವತ್ತನೇ ಒಂದು ಪಾಲು ಸುಂಕ, ಇಲ್ಲವಾದರೆ ಏನೂ ಇಲ್ಲ. (ನಮ್ಮ ಝಕಾತಿನ ಪ್ರಮಾಣವೂ ಇದೇ, ಸಂಬಂಧ ಕಟ್ಟಲು ನಾವು ಹೋಗುವುದಿಲ್ಲ.) ದಾರಿ ತಪ್ಪಿ ಬಂದ ಹಡಗಿಗೂ ಅದೇ ನ್ಯಾಯ. ಇದಕ್ಕೆ ಉರ್ದುವಿನಲ್ಲಿ ‘ಅಮಾನತ್’ ಎನ್ನುತ್ತೇವೆ: ನಂಬಿ ಒಪ್ಪಿಸಿದ್ದು. ಕಚೇರಿಯ ಕನ್ನಡದಲ್ಲಿ ಪಾಪ, ಈ ಪದ ನೌಕರರನ್ನು ಕೆಲಸದಿಂದ ದೂರವಿಡಲು ಬಳಕೆಯಾಗುತ್ತಿದೆ.

ಈ ಊರಿನ ಎದುರು ಲಂಗರು ಹಾಕಿ ಮೆಣಸು ತುಂಬಿಸುತ್ತಿದ್ದ ಮುಸ್ಲಿಮ್ ವ್ಯಾಪಾರಿಗಳ ಹಡಗೊಂದನ್ನು 1500ರ ಡಿಸೆಂಬರಿನಲ್ಲಿ ಪೋರ್ಚುಗೀಸ್ ನಾಯಕ ಕಬ್ರಾಲ್ ವಶಪಡಿಸಿಕೊಂಡ. ರೊಚ್ಚಿಗೆದ್ದ ಜನ ಪೋರ್ಚುಗೀಸರ ಕೋಠಿಗೆ ನುಗ್ಗಿ ಹಲವರನ್ನು ಕೊಂದರು. ಅವನು ಬಂದರಿನಲ್ಲಿ ನಿಂತಿದ್ದ ಹತ್ತರಷ್ಟು ಹಡಗುಗಳನ್ನು ಹಿಡಿದು, ಜನರನ್ನು ಕೊಂದು, ಹಡಗುಗಳನ್ನು ಸುಟ್ಟ. ಊರಿನ ಮೇಲೆ ಫಿರಂಗಿ ಹಾರಿಸಿದ. ಮುಂದಿನ ವರ್ಷಗಳಲ್ಲಿ ‘ಕರ್ತಾಜ್’ ಎಂಬ ರಹದಾರಿ ಚೀಟಿ ಬಂತು. ಹಣ ಕೊಟ್ಟು ಅದನ್ನು ಪಡೆಯದ ಹಡಗು ಸಿಕ್ಕಿದಲ್ಲೇ ಅವರ ಸೊತ್ತು.