ಉಭಯವಾಸಿಗಳಲ್ಲಿ ವಿಷದ್ರವ್ಯಗಳ ಗ್ರಹಣ ಮತ್ತು ಪರಿಣಮನ

ಕಪ್ಪೆ, ನೆಲಗಪ್ಪೆ, ಸಲಮಾಂಡರ್ ಮೊದಲಾದ ಉಭಯವಾಸಿಗಳ ಶರೀರವನ್ನು ಕೀಟನಾಶಕ, ಕಳೆನಾಶಕ, ಲೋಹಲವಣಗಳೇ ಮುಂತಾದ ಮಲಿನದ್ರವ್ಯಗಳು ಪ್ರವೇಶಿಸಿ ಅಲ್ಲಿ ರೂಪಾಂತರ ಹೊಂದುವ ಕ್ರಿಯೆ. ಸ್ತನಿಗಳಲ್ಲಿ ವಿಷಕ್ಕೆ ಬಾಯಿಯೂ ಶ್ವಾಸಮಾರ್ಗವೂ ಪ್ರಧಾನ ದ್ವಾರಗಳಾದರೆ ಇವುಗಳಲ್ಲಿ ಮೈಚರ್ಮವೆಲ್ಲ ದ್ವಾರವೇ ಆಗಿರುತ್ತದೆ.

ಕಪ್ಪೆಯು ನೀರನ್ನು ಬಾಯಿಂದ ಕುಡಿಯದೆ ಚರ್ಮದಿಂದಲೇ ಹೀರಿಕೊಳ್ಳುವುದೆಂಬುದನ್ನು ನಿಸರ್ಗಶಾಸ್ತ್ರಜ್ಞ ರಾಬರ್ಟ್ ಟೌನ್ಸನ್ 18ನೆಯ ಶತಮಾನದ ಅಂತ್ಯದಲ್ಲಿಯೇ ಪ್ರಯೋಗಗಳಿಂದ ತೋರಿಸಿದ್ದನು. ನೆಲಗಪ್ಪೆಯ ಕಿಬ್ಬೊಟ್ಟೆಯಲ್ಲಿ ರಕ್ತನಾಳಗಳು ದಟ್ಟವಾಗಿ ಹೆಣೆದುಕೊಂಡ ತೆಳುವಾದ ಭಾಗವೊಂದಿದ್ದು, ಅದನ್ನು ಒದ್ದೆ ಮಣ್ಣಿಗೆ ಒತ್ತಿ ಕುಳಿತೊಡನೆ ನೀರು ಒಳಸೇರತೊಡಗುತ್ತದೆ. ಆ ನೀರಿನಲ್ಲಿ ಕರಗಿದ ಕಳೆನಾಶಕವೂ ಅದೇ ದಾರಿಯನ್ನು ಹಿಡಿಯುತ್ತದೆ. ಶ್ವಾಸಕೋಶವೇ ಇಲ್ಲದ ಪ್ಲೆಥೊಡಾಂಟಿಡ್ ಕುಟುಂಬದ ಸಲಮಾಂಡರುಗಳಂತೂ ಉಸಿರಾಟಕ್ಕೂ ಚರ್ಮವನ್ನೂ ಬಾಯಿಯ ಒಳಪೊರೆಯನ್ನೂ ಆಶ್ರಯಿಸಿರುವುದರಿಂದ, ವಿಷವನ್ನು ತಡೆಯಲೆಂದು ಆ ಚರ್ಮ ದಪ್ಪವಾದರೆ ಪ್ರಾಣವಾಯುವಿಗೇ ಎಡೆಯಿಲ್ಲದಂತಾಗುವುದು. ಅಟ್ರಜೀನ್, ಪ್ಯಾರಾಕ್ವಾಟ್ ಮೊದಲಾದ ಕಳೆನಾಶಕಗಳು ಹಂದಿಯ ಚರ್ಮಕ್ಕಿಂತ ಕಪ್ಪೆಯ ಚರ್ಮವನ್ನು ಹತ್ತಾರು ಮಡಿ, ಕೆಲವೊಮ್ಮೆ ನೂರಕ್ಕೂ ಹೆಚ್ಚು ಮಡಿ, ಶೀಘ್ರವಾಗಿ ದಾಟುವುದು ಪ್ರಯೋಗಶಾಲೆಯಲ್ಲಿ ಕಂಡುಬಂದಿದೆ. ಗೊದಮೊಟ್ಟೆಗೆ ಕಿವಿರುಗಳೂ ಪ್ರವೇಶಮಾರ್ಗವೇ.

ಒಳಹೊಕ್ಕ ದ್ರವ್ಯವು ಮುಖ್ಯವಾಗಿ ಯಕೃತ್ತಿನಲ್ಲಿ ಪರಿವರ್ತನೆ ಹೊಂದುತ್ತದೆ. ಸೈಟೋಕ್ರೋಮ್ ಪಿ-450 ವರ್ಗದ ಕಿಣ್ವಗಳು ಅದನ್ನು ಉತ್ಕರ್ಷಿಸಿದ ಮೇಲೆ, ಬೇರೆ ಕಿಣ್ವಗಳು ಗ್ಲುಟಾಥಯೋನ್, ಗ್ಲುಕುರಾನಿಕ್ ಆಮ್ಲ ಅಥವಾ ಸಲ್ಫೇಟನ್ನು ಅದಕ್ಕೆ ಜೋಡಿಸಿ, ಮೂತ್ರದಲ್ಲಿಯೋ ಪಿತ್ತರಸದಲ್ಲಿಯೋ ಹೊರಹೋಗುವಷ್ಟು ಜಲವಿಲೇಯವನ್ನಾಗಿ ಮಾಡುತ್ತವೆ. ಕ್ಯಾಡ್ಮಿಯಮ್ಮಿನಂತಹ ಲೋಹಗಳನ್ನು ಮೆಟಲೋಥಯೋನೀನ್ ಎಂಬ ಪ್ರೋಟೀನು ಬಂಧಿಸಿಡುತ್ತದೆ. ಆದರೆ ಈ ಪರಿಣಮನವನ್ನು ನಿರ್ವಿಷೀಕರಣವೆಂದೇ ಭಾವಿಸುವುದು ಸರಿಯಲ್ಲ. ಕ್ಲೋರ್‌ಪೈರಿಫಾಸ್, ಮಲಾಥಿಯಾನ್, ಡಯಾಜಿನಾನ್ ಎಂಬ ಕೀಟನಾಶಕಗಳಲ್ಲಿನ ಗಂಧಕದ ಪರಮಾಣುವನ್ನು ತೆಗೆದು ಆಮ್ಲಜನಕವನ್ನು ಇರಿಸುವ ಅವೇ ಪಿ-450 ಕಿಣ್ವಗಳು, ನರಗಳ ಸಂಜ್ಞೆಯನ್ನು ನಿಲ್ಲಿಸಬೇಕಾದ ಅಸಿಟೈಲ್‌ಕೋಲಿನ್ ಎಸ್ಟರೇಸನ್ನು ಸ್ತಂಭಿಸುವ 'ಆಕ್ಸಾನ್' ರೂಪವನ್ನು ಹುಟ್ಟಿಸುತ್ತವೆ. ಕ್ಯಾಲಿಫೋರ್ನಿಯದ ಹಳದಿಕಾಲಿನ ಕಪ್ಪೆಯ ಗೊದಮೊಟ್ಟೆಗಳಿಗೆ ಈ ರೂಪವು ಮೂಲವಸ್ತುವಿಗಿಂತ ಸುಮಾರು 10ರಿಂದ 100 ಮಡಿ ಘಾತಕವೆಂದು 2007ರಲ್ಲಿ ಪ್ರಕಟವಾದ ಪರೀಕ್ಷೆಗಳು ತಿಳಿಸಿದವು. ಅಲ್ಲಿನ ಮಧ್ಯಕಣಿವೆಯ ಹೊಲಗಳಿಗೆ ಸಿಂಪಡಿಸಿದ ವಿಷವು ಗಾಳಿಯೊಡನೆ ಸಿಯೆರಾ ನೆವಾಡ ಪರ್ವತದ ಕೊಳಗಳನ್ನು ಮುಟ್ಟುವುದರಿಂದ ಇದು ಬರಿಯ ಪ್ರಯೋಗಶಾಲೆಯ ವಿಚಾರವಾಗಿ ಉಳಿಯಲಿಲ್ಲ. ಆದರೂ ಆ ಪರ್ವತದ ಕಪ್ಪೆಗಳ ಕ್ಷಯಕ್ಕೆ ಶಿಲೀಂಧ್ರರೋಗವೂ ತಂದುಬಿಟ್ಟ ಟ್ರೌಟ್ ಮೀನುಗಳೂ ಕಾರಣಗಳಾಗಿರುವುದನ್ನು ಮರೆಯಲಾಗದು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಸ್ತನಿಗಳಿಗೆ ಅತ್ಯುಗ್ರವಾದ ಡಯಾಕ್ಸಿನನ್ನು ಕಪ್ಪೆಗಳು ಬಹುಮಟ್ಟಿಗೆ ಸಹಿಸುತ್ತವೆ. ಆ ವಿಷವು ಅಂಟಿಕೊಳ್ಳಬೇಕಾದ ಗ್ರಾಹಕ ಪ್ರೋಟೀನು ಆಫ್ರಿಕದ ಜೆನೋಪಸ್ ಕಪ್ಪೆಯಲ್ಲಿ ಅದನ್ನು ಬಹಳ ದುರ್ಬಲವಾಗಿ ಹಿಡಿಯುವುದೇ ಇದಕ್ಕೆ ಹೇತು. ಎಲ್ಲ ವಿಷಗಳಿಗೂ ಕಪ್ಪೆಯೇ ಮೊದಲ ಬಲಿಯೆಂಬ ಜನಪ್ರಿಯ ನಂಬಿಕೆಗೆ ಆದುದರಿಂದ ಆಧಾರ ಸಾಲದು. ಜೆನೋಪಸ್ ಕಪ್ಪೆಯಲ್ಲಿ ಅಟ್ರಜೀನ್ ಲಿಂಗವಿಕಾರವನ್ನು ಉಂಟುಮಾಡುವುದೆಂದು ಜೀವವಿಜ್ಞಾನಿ ಟೈರೋನ್ ಹೇಸ್ 2002ರಲ್ಲಿ ಪ್ರಕಟಿಸಿದ ಫಲಿತಾಂಶವೂ ತೀವ್ರ ವಿವಾದಕ್ಕೆ ಗುರಿಯಾಯಿತು.

ರೂಪಪರಿವರ್ತನೆಯ ಕಾಲವು ವಿಶೇಷ ಗಮನಕ್ಕೆ ಅರ್ಹವಾದುದು. ಕಿವಿರುಗಳು ಮಾಯವಾಗಿ, ಬಾಲ ಕರಗಿ, ಕರುಳು ಹೊಸದಾಗಿ ರಚನೆಗೊಳ್ಳುವ ಆ ದಿನಗಳಲ್ಲಿ ಪ್ರಾಣಿಯು ಆಹಾರವನ್ನು ಬಿಟ್ಟು ತನ್ನ ಸಂಚಯವನ್ನೇ ವ್ಯಯಿಸುವುದರಿಂದ, ಕೊಬ್ಬಿನಲ್ಲಿ ಅಡಗಿದ್ದ ವಿಷವು ರಕ್ತಕ್ಕೆ ಮರಳಬಲ್ಲುದು. ಗೊದಮೊಟ್ಟೆಗಳನ್ನು 96 ಗಂಟೆಗಳ ಕಾಲ ವಿಷಜಲದಲ್ಲಿಟ್ಟು ಸತ್ತವುಗಳನ್ನು ಎಣಿಸುವ ರೂಢಿಯ ಪರೀಕ್ಷೆಗೆ ಈ ವಿಳಂಬಿತ ಹಾನಿ ಗೋಚರಿಸುವುದಿಲ್ಲ.