ಎಪ್ಪಿಂಗ್ ಅರಣ್ಯವು ಜನರಿಗೆ ಉಳಿದ ಬಗೆ

ಲಂಡನ್ ಮಹಾನಗರದ ಈಶಾನ್ಯ ಭಾಗದಲ್ಲಿ ಲೀ ಮತ್ತು ರೋಡಿಂಗ್ ಎಂಬ ಎರಡು ನದಿಗಳ ನಡುವೆ ದಿಣ್ಣೆಗಳ ಸಾಲೊಂದು ಉತ್ತರಾಭಿಮುಖವಾಗಿ ಸಾಗಿರುವುದು. ಆ ದಿಣ್ಣೆಗಳ ನೆತ್ತಿಯಲ್ಲಿಯೂ ಇಳಿಜಾರುಗಳಲ್ಲಿಯೂ ಹಬ್ಬಿರುವ ಕಾಡಿಗೆ ಎಪ್ಪಿಂಗ್ ಅರಣ್ಯವೆಂದು ಹೆಸರು. ಅದರ ವಿಸ್ತಾರವು ಸುಮಾರು 6,000 ಎಕರೆ. ಬೀಚ್, ಓಕ್, ಹಾರ್ನ್‌ಬೀಮ್ ಎಂಬ ಮರಗಳೇ ಅಲ್ಲಿ ಹೆಚ್ಚು. ನೆಲವು ಬೆಟ್ಟವೆನ್ನುವಷ್ಟು ಎತ್ತರವೂ ಅಲ್ಲ, ಬಯಲೆನ್ನುವಷ್ಟು ಸಮವೂ ಅಲ್ಲ. ಆದುದರಿಂದ ಎಳೆಯ ಮಕ್ಕಳನ್ನು ಕೈಹಿಡಿದು ನಡೆಸುವ ತಾಯಂದಿರಿಗೂ, ಊರುಗೋಲನ್ನು ಹಿಡಿದ ವೃದ್ಧರಿಗೂ ಅದು ಸಮಾನವಾಗಿ ಅನುಕೂಲವಾದ ವಿಹಾರಸ್ಥಾನವಾಗಿದೆ.

ಚಿಂಗ್‌ಫರ್ಡ್ ಎಂಬ ರೈಲು ನಿಲ್ದಾಣದಲ್ಲಿ ಇಳಿದ ಕುಟುಂಬವು ಅಲ್ಪದೂರ ನಡೆಯುವಷ್ಟರಲ್ಲಿಯೇ ಎಂಟನೆಯ ಹೆನ್ರಿ ದೊರೆಗಾಗಿ 1543ರಲ್ಲಿ ಕಟ್ಟಿದ ಮರದ ಬೇಟೆಮನೆಯನ್ನು ಕಾಣಬಹುದು. ಅಲ್ಲಿಂದ ಮುಂದೆ ಕನಾಟ್ ವಾಟರ್ ಎಂಬ ಕೊಳವೂ, ಹೈ ಬೀಚ್ ಎಂಬ ಎತ್ತರದ ಸ್ಥಳವೂ, ಕಬ್ಬಿಣಯುಗದ ಜನರು ನಿರ್ಮಿಸಿದ ಎರಡು ಮಣ್ಣಿನ ಕೋಟೆಗಳ ಅವಶೇಷಗಳೂ ದೊರೆಯುವುವು. ದೂರ ನಡೆಯಬಲ್ಲವರಿಗೆ ಮ್ಯಾನರ್ ಪಾರ್ಕಿನಿಂದ ಎಪ್ಪಿಂಗ್ ಪಟ್ಟಣದವರೆಗೆ ಸುಮಾರು 15 ಮೈಲಿಯ ಹಾದಿಯೊಂದುಂಟು. ಅದನ್ನು 1978ರಲ್ಲಿ ಒಂದು ಶಾಸನದ ಶತಮಾನೋತ್ಸವದ ನೆನಪಿಗಾಗಿ ಗೊತ್ತುಮಾಡಿದರು. ಆ ಶಾಸನವಾವುದು, ಅದು ಹೇಗೆ ಹುಟ್ಟಿತು, ಅದರಿಂದ ಲಾಭವನ್ನು ಪಡೆದವರಾರು, ಕಳೆದುಕೊಂಡವರಾರು ಎಂಬುದು ವಿಚಾರಮಾಡತಕ್ಕ ವಿಷಯವಾಗಿದೆ.

ಪೂರ್ವದಲ್ಲಿ ಆ ದೇಶದಲ್ಲಿ ಅರಣ್ಯವೆಂದರೆ ಕೇವಲ ಮರಗಳ ಗುಂಪಲ್ಲ. ಅರಸನ ಬೇಟೆಗಾಗಿ ವಿಶೇಷವಾದ ಕಟ್ಟಳೆಗೆ ಒಳಪಟ್ಟ ಪ್ರದೇಶ. ಎಪ್ಪಿಂಗಿನಲ್ಲಿ ಒಂದೇ ನೆಲದ ಮೇಲೆ ಮೂರು ಬಗೆಯ ಅಧಿಕಾರಗಳಿದ್ದುವು. ಜಿಂಕೆಗಳು ಅರಸನವು, ಭೂಮಿಯು ಮ್ಯಾನರ್ ಎಂಬ ಜಮೀನ್ದಾರಿಗಳ ಒಡೆಯರದು, ದನ ಮೇಯಿಸುವ ಹಕ್ಕೂ ಸೌದೆಗಾಗಿ ಕೊಂಬೆ ಕಡಿಯುವ ಹಕ್ಕೂ ಸುತ್ತಲಿನ ಗ್ರಾಮಸ್ಥರದು. ಗೋಮಾಳವನ್ನೂ ಸೊಪ್ಪಿನಬೆಟ್ಟವನ್ನೂ ಬಲ್ಲ ಕನ್ನಡಿಗರಿಗೆ ಈ ಏರ್ಪಾಡು ವಿಚಿತ್ರವಾಗಿ ತೋರಲಾರದು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಆಗಮ ಮತ್ತು ಭುಕ್ತಿ, ಅಂದರೆ ಸ್ವತ್ತು ಬಂದ ಮೂಲ ಮತ್ತು ಅದರ ಅನುಭೋಗ, ಎಂಬ ವಿವೇಚನೆಯುಂಟು. ಎಪ್ಪಿಂಗಿನ ವ್ಯಾಜ್ಯದ ಮರ್ಮವೂ ಸ್ವಾಮ್ಯಕ್ಕೂ ಅನುಭೋಗಕ್ಕೂ ಇರುವ ಈ ಭೇದದಲ್ಲಿಯೇ ಅಡಗಿತ್ತು.

ಅಲ್ಲಿ ಮರವನ್ನು ಬುಡಕ್ಕೆ ಕಡಿಯುವ ಪದ್ಧತಿ ಇರಲಿಲ್ಲ. ಬುಡದಲ್ಲಿ ಕಡಿದರೆ ಮತ್ತೆ ಬರುವ ಚಿಗುರನ್ನು ದನಗಳೂ ಜಿಂಕೆಗಳೂ ತಿಂದುಹಾಕುವುವು. ಆದುದರಿಂದ ಅವುಗಳ ಬಾಯಿಗೆ ಎಟುಕದ ಎತ್ತರದಲ್ಲಿ ಕಾಂಡವನ್ನು ಮೊಟಕುಗೊಳಿಸಿ, ಅಲ್ಲಿಂದ ಹೊರಟ ಕೊಂಬೆಗಳನ್ನು ಕೆಲವು ವರ್ಷಗಳಿಗೊಮ್ಮೆ ಸವರುತ್ತಿದ್ದರು. ಹೀಗೆ ಸವರಿದ ಮರವು ಮುಪ್ಪಿನಲ್ಲಿಯೂ ಹೊಸ ಕೊಂಬೆಗಳನ್ನು ಬಿಟ್ಟು ಶತಮಾನಗಳ ಕಾಲ ಬದುಕುವುದು. ಕೊಡಲಿಯೇ ಆ ಕಾಡಿನ ಆಯುಸ್ಸನ್ನು ಹೆಚ್ಚಿಸಿತೆಂದರೆ ಅತಿಶಯೋಕ್ತಿಯಲ್ಲ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ವೇಳೆಗೆ ಲಂಡನ್ ನಗರವು ಎಲ್ಲ ದಿಕ್ಕುಗಳಿಗೂ ಬೆಳೆಯುತ್ತ ಬಂದಿತು. ನಗರದ ಸಮೀಪದ ಭೂಮಿಗೆ ಬೆಲೆಯೇರಿತು. ಅರಸರಿಗೆ ಬೇಟೆಯಲ್ಲಿ ಆಸಕ್ತಿ ಉಳಿದಿರಲಿಲ್ಲ. ನೆರೆಯಲ್ಲಿದ್ದ ಹೈನಾಲ್ಟ್ ಎಂಬ ಅರಣ್ಯವನ್ನು 1851ರಲ್ಲಿ ಅರಣ್ಯದ ಕಟ್ಟಳೆಯಿಂದ ಬಿಡಿಸಿ, ಉಗಿಯಂತ್ರಗಳ ಸಹಾಯದಿಂದ ಮರಗಳನ್ನು ಬುಡಸಹಿತ ಕಿತ್ತು, ಅದರ ಬಹುಭಾಗವನ್ನು ಹೊಲವಾಗಿ ಮಾಡಿದರು. ಎಪ್ಪಿಂಗಿನಲ್ಲಿಯೂ ಸರ್ಕಾರವು ತನಗಿದ್ದ ಅರಣ್ಯಾಧಿಕಾರವನ್ನು ಹಣಕ್ಕೆ ಮಾರುತ್ತ ಬರಲು, ಮ್ಯಾನರುಗಳ ಒಡೆಯರು ಬೇಲಿಗಳನ್ನು ಹಾಕತೊಡಗಿದರು. ಲೌಟನ್ ಗ್ರಾಮದ ಒಡೆಯನಾಗಿದ್ದ ಜಾನ್ ವಿಟೇಕರ್ ಮೇಟ್‌ಲಂಡನು ಸುಮಾರು 1,300 ಎಕರೆಗಳನ್ನು ಬೇಲಿಯೊಳಗೆ ಸೇರಿಸಿಕೊಂಡನು. ಅವನು ಆ ಗ್ರಾಮದ ಇಗರ್ಜಿಯ ಪಾದ್ರಿಯೂ ಆಗಿದ್ದನೆಂಬುದು ಗಮನಿಸತಕ್ಕ ಸಂಗತಿ.

ಲೌಟನ್ನಿನ ನಿವಾಸಿಗಳಿಗೆ ನವೆಂಬರ್ 11ರಿಂದ ಏಪ್ರಿಲ್ 23ರವರೆಗೆ ಕೊಂಬೆ ಕಡಿಯುವ ಹಕ್ಕಿತ್ತು. ಪ್ರತಿ ವರ್ಷವೂ ಆ ಋತುವಿನ ಮೊದಲ ಮಧ್ಯರಾತ್ರಿಯಲ್ಲಿಯೇ ಯಾರಾದರೊಬ್ಬರು ಕೊಂಬೆಯನ್ನು ಕಡಿಯಬೇಕು, ತಪ್ಪಿದರೆ ಹಕ್ಕು ಬಿದ್ದುಹೋಗುವುದು ಎಂಬುದು ಜನರ ನಂಬಿಕೆ. ಒಡೆಯನು ಆ ರಾತ್ರಿ ಕೊಂಬೆ ಕಡಿಯುವವರೆಲ್ಲರಿಗೂ ಔತಣವನ್ನಿಟ್ಟು ಮದ್ಯದಿಂದ ಮೈಮರೆಸಲು ಯತ್ನಿಸಿದನೆಂದೂ, ಥಾಮಸ್ ವಿಲಿಂಗೇಲನೆಂಬ ವೃದ್ಧ ಕೂಲಿಯೊಬ್ಬನು ಸಕಾಲದಲ್ಲಿ ಎದ್ದುಹೋಗಿ ಕೊಂಬೆಯೊಂದನ್ನು ಕಡಿದು ತಂದನೆಂದೂ ಒಂದು ಕಥೆ ಆ ಊರಿನಲ್ಲಿ ಪ್ರಚಾರದಲ್ಲಿದೆ. ಕಥೆಯು ಹೇಗೇ ಇರಲಿ, ಮುಂದಿನದು ಇತಿಹಾಸ. 1866ರಲ್ಲಿ ವಿಲಿಂಗೇಲನ ಬಂಧುಗಳೂ ಸೇರಿ ಮೂವರು ಬೇಲಿಯೊಳಗಿನ ಕೊಂಬೆಗಳನ್ನು ಕಡಿದುದಕ್ಕಾಗಿ ವಿಚಾರಣೆಗೆ ಗುರಿಯಾದರು. ದಂಡವನ್ನು ತೆರಲು ಒಪ್ಪದೆ ಸೆರೆಮನೆಯನ್ನು ಸೇರಿದರು.

ಇದಕ್ಕೆ ಒಂದು ವರ್ಷ ಮೊದಲು, 1865ರಲ್ಲಿ, ಜಾರ್ಜ್ ಷಾ-ಲೆಫೆವರ್ ಮೊದಲಾದವರು ಸಾರ್ವಜನಿಕ ಬಯಲುಗಳ ರಕ್ಷಣೆಗಾಗಿ ಲಂಡನ್ನಿನಲ್ಲಿ ಒಂದು ಸಂಘವನ್ನು ಸ್ಥಾಪಿಸಿದ್ದರು. ಅದರ ಬೆಂಬಲದಿಂದ ವಿಲಿಂಗೇಲನು ತನ್ನ ಒಡೆಯನ ಮೇಲೆ ದಾವೆ ಹೂಡಿದನು. ಆದರೆ ಆಂಗ್ಲ ನ್ಯಾಯಪದ್ಧತಿಯಲ್ಲಿ ಒಂದು ತೊಡಕಿತ್ತು. ಭೂಮಿಯುಳ್ಳವನಿಗೆ ಆ ಭೂಮಿಯೊಡನೆ ಬಂದ ದನ ಮೇಯಿಸುವ ಹಕ್ಕು ಗಟ್ಟಿಯಾದುದು. ಊರಿನ ನಿವಾಸಿಯೆಂಬ ಒಂದೇ ಕಾರಣದಿಂದ ಬಡವನು ಕೇಳುವ ಹಕ್ಕು ದುರ್ಬಲವಾದುದು. ವಿಚಾರಣೆಯು ಮುಗಿಯುವ ಮೊದಲೇ, 1870ರಲ್ಲಿ, ವಿಲಿಂಗೇಲನು ಮೃತನಾದನು; ಅವನೊಡನೆ ದಾವೆಯೂ ನಿಂತುಹೋಯಿತು.

ಆದರೆ ಹೊತ್ತಿದ ಕಿಡಿ ಆರಲಿಲ್ಲ. 1871ರ ಜುಲೈ ತಿಂಗಳಿನಲ್ಲಿ ಅರಣ್ಯದ ದಕ್ಷಿಣದ ಅಂಚಿನಲ್ಲಿರುವ ವಾನ್‌ಸ್ಟೆಡ್ ಬಯಲಿನಲ್ಲಿ ಸಾವಿರಾರು ಮಂದಿ ನೆರೆದು ಅಲ್ಲಿ ಹಾಕಿದ್ದ ಬೇಲಿಗಳನ್ನು ಮುರಿದುಹಾಕಿದರು. ಅದೇ ವರ್ಷ ಲಂಡನ್ ನಗರದ ಕಾರ್ಪೊರೇಷನ್ನು ಮ್ಯಾನರುಗಳ ಒಡೆಯರ ಮೇಲೆ ದಾವೆ ತಂದಿತು. ಅದಕ್ಕೆ ಈ ಅಧಿಕಾರವು ಬಂದ ಬಗೆಯು ಆಶ್ಚರ್ಯಕರವಾಗಿದೆ. ಕಾರ್ಪೊರೇಷನ್ನು ನಗರದ ಶ್ಮಶಾನಕ್ಕಾಗಿ ಅರಣ್ಯದ ಬಳಿ ಭೂಮಿಯನ್ನು ಕೊಂಡಿತ್ತು. ಆ ಶ್ಮಶಾನವು 1856ರಲ್ಲಿ ತೆರೆಯಲ್ಪಟ್ಟಿತ್ತು. ಕೊಂಡ ಭೂಮಿಯೊಡನೆ ಅರಣ್ಯದಲ್ಲಿ ದನ ಮೇಯಿಸುವ ಹಕ್ಕೂ ಬಂದಿತ್ತು. ಒಂದು ಗ್ರಾಮದ ದನವು ತನ್ನ ಗ್ರಾಮದ ಎಲ್ಲೆಯಲ್ಲಿ ನಿಲ್ಲದೆ ಅರಣ್ಯದಲ್ಲೆಲ್ಲ ಅಲೆದು ಮೇಯುವುದು ಅಲ್ಲಿಯ ಪ್ರಾಚೀನ ವಾಡಿಕೆ. ಹಾಗಿದ್ದಮೇಲೆ ಅರಣ್ಯದ ಯಾವ ಮೂಲೆಯಲ್ಲಿ ಬೇಲಿ ಬಿದ್ದರೂ ಆ ಹಕ್ಕುದಾರನಿಗೆ ಹಾನಿಯುಂಟಾದಂತೆಯೇ ಸರಿ ಎಂದು ವಾದಿಸಿದರು. ಈ ವ್ಯಾಜ್ಯಕ್ಕೆ ಬೇಕಾದ ಹಳೆಯ ದಾಖಲೆಗಳನ್ನು ಶೋಧಿಸಿ ವಾದವನ್ನು ಕಟ್ಟುವುದರಲ್ಲಿ ಆ ರಕ್ಷಣಾಸಂಘದ ವಕೀಲನಾದ ರಾಬರ್ಟ್ ಹಂಟರನು ಬಹಳವಾಗಿ ಶ್ರಮಿಸಿದನು. 1874ರ ನವೆಂಬರಿನಲ್ಲಿ ನ್ಯಾಯಾಧಿಪತಿ ಸರ್ ಜಾರ್ಜ್ ಜೆಸೆಲನು ಆ ಬೇಲಿಗಳು ನ್ಯಾಯವಿರುದ್ಧವಾದುವೆಂದು ತೀರ್ಪಿತ್ತನು. ಸತ್ತವರ ವಿಶ್ರಾಂತಿಗೆಂದು ಕೊಂಡ ನೆಲವು ಬದುಕಿರುವವರ ವಿಹಾರಕ್ಕೆ ಆಧಾರವಾಯಿತು.

ಇದರ ಫಲವಾಗಿ 1878ರಲ್ಲಿ ಎಪ್ಪಿಂಗ್ ಅರಣ್ಯದ ಶಾಸನವು ಬಂದಿತು. ಅರಣ್ಯವು ಬೇಲಿಯಿಲ್ಲದೆ, ಕಟ್ಟಡಗಳಿಲ್ಲದೆ, ಜನರ ವಿಹಾರಕ್ಕಾಗಿ ಎಂದೆಂದಿಗೂ ತೆರೆದಿರತಕ್ಕದ್ದೆಂದು ವಿಧಿಸಿ, ಅದರ ಪಾಲನೆಯನ್ನು ಲಂಡನ್ ಕಾರ್ಪೊರೇಷನ್ನಿಗೆ ವಹಿಸಲಾಯಿತು. ದನ ಮೇಯಿಸುವ ಹಕ್ಕುದಾರರು ಚುನಾಯಿಸುವ ನಾಲ್ವರು ವರ್ಡರರುಗಳೆಂಬ ಅರಣ್ಯಾಧಿಕಾರಿಗಳೂ ಈ ಪಾಲನೆಯಲ್ಲಿ ಭಾಗಿಗಳು. ಆ ಚುನಾವಣೆಯು ಇಂದಿಗೂ ಏಳು ವರ್ಷಗಳಿಗೊಮ್ಮೆ ನಡೆಯುತ್ತದೆ. 1882ರ ಮೇ 6ರಂದು ವಿಕ್ಟೋರಿಯಾ ರಾಣಿಯು ಹೈ ಬೀಚಿಗೆ ದಯಮಾಡಿಸಿ ಅರಣ್ಯವನ್ನು ಪ್ರಜೆಗಳಿಗೆ ಅರ್ಪಿಸಿದಳು. ಲೌಟನ್ನಿಗೆ 1856ರಲ್ಲಿಯೂ ಚಿಂಗ್‌ಫರ್ಡಿಗೆ 1873ರಲ್ಲಿಯೂ ರೈಲು ಬಂದಿದ್ದುದರಿಂದ, ಪೂರ್ವಲಂಡನ್ನಿನ ಇಕ್ಕಟ್ಟಾದ ಕೇರಿಗಳಲ್ಲಿದ್ದ ಕುಟುಂಬಗಳು ರಜಾದಿನಗಳಲ್ಲಿ ಗುಂಪುಗುಂಪಾಗಿ ಈ ಕಾಡಿಗೆ ಬರತೊಡಗಿದುವು.

ಆದರೆ ಈ ಶಾಸನದಿಂದಲೇ ಕೊಂಬೆ ಕಡಿಯುವ ಹಕ್ಕು ಕೊನೆಗೊಂಡಿತು. ಲೌಟನ್ನಿನ ಜನರಿಗೆ ಪರಿಹಾರವಾಗಿ ಕೊಟ್ಟ 7,000 ಪೌಂಡುಗಳ ಬಹುಭಾಗದಿಂದ ಊರಿನ ಉಪಯೋಗಕ್ಕಾಗಿ ಒಂದು ಸಭಾಮಂದಿರವನ್ನು ಕಟ್ಟಿಸಿ 1884ರಲ್ಲಿ ತೆರೆದರು. ಕೊಂಬೆ ಕಡಿಯುವುದೆಂಬ ಅರ್ಥದ ‘ಲಾಪಿಂಗ್’ ಎಂಬ ಮಾತನ್ನೇ ಸೇರಿಸಿ ಅದಕ್ಕೆ ಲಾಪಿಂಗ್ ಹಾಲ್ ಎಂದು ಹೆಸರಿಟ್ಟರು. ಯಾರ ಹಕ್ಕಿಗಾಗಿ ಹೋರಾಟವು ಮೊದಲಾಯಿತೋ ಅವರಿಗೆ ಹಕ್ಕು ಹೋಗಿ ಕಟ್ಟಡವು ದೊರೆಯಿತು; ಚಳಿಗಾಲದ ಸೌದೆಯನ್ನು ಅವರು ಬೇರೆ ಕಡೆಯಿಂದ ಕೊಳ್ಳಬೇಕಾಯಿತು.

ಕೊಡಲಿಯ ಶಬ್ದವು ನಿಂತುದರ ಪರಿಣಾಮವು ಕಾಡಿನ ಮೇಲೆಯೂ ಆಯಿತು. ಸವರುವವರಿಲ್ಲದೆ ಕೊಂಬೆಗಳು ದಪ್ಪವಾಗಿ ಬೆಳೆದು ಮರಗಳ ತಲೆ ಭಾರವಾಯಿತು. ಕೆಲವು ಮರಗಳು ತಮ್ಮ ಭಾರದಿಂದಲೇ ಸೀಳಿದುವು. ದಟ್ಟವಾದ ನೆರಳಿನಿಂದ ನೆಲದ ಹುಲ್ಲೂ ಹೂಗಿಡಗಳೂ ಕ್ಷೀಣಿಸಿದುವು. ದನಗಳೂ ಕಡಿಮೆಯಾಗುತ್ತ ಬಂದುದರಿಂದ ತೆರಪಾದ ಸ್ಥಳಗಳಲ್ಲಿ ಪೊದೆಗಳು ತುಂಬಿಕೊಂಡುವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾಲಕರು ಇದನ್ನು ಮನಗಂಡು ಕೊಂಬೆ ಸವರುವ ಕೆಲಸವನ್ನು ಮತ್ತೆ ಕೈಕೊಂಡರು. ಇಪ್ಪತ್ತೊಂದನೆಯ ಶತಮಾನದ ಆದಿಯಲ್ಲಿ ಉದ್ದಕೊಂಬಿನ ದನಗಳನ್ನು ಮೇಯಲು ಬಿಟ್ಟರು. ಹೀಗೆ ಒಮ್ಮೆ ಅಪರಾಧವೆಂದು ಸೆರೆಗೆ ಕಾರಣವಾದ ಕೆಲಸವೇ ಅರಣ್ಯದ ಚಿಕಿತ್ಸೆಯಾಗಿ ಪರಿಣಮಿಸಿತು.

ಎಪ್ಪಿಂಗಿನ ಜಯವು ಅಲ್ಲಿಗೇ ನಿಲ್ಲಲಿಲ್ಲ. ರಾಬರ್ಟ್ ಹಂಟರನು ಆಕ್ಟೇವಿಯಾ ಹಿಲ್ ಎಂಬ ಮಹಿಳೆಯೊಡನೆಯೂ ಹಾರ್ಡ್ವಿಕ್ ರಾನ್ಸ್‌ಲಿ ಎಂಬ ಪಾದ್ರಿಯೊಡನೆಯೂ ಕೂಡಿ, ದೇಶದ ಸುಂದರ ಸ್ಥಳಗಳನ್ನು ಜನರಿಗಾಗಿ ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯನ್ನು 1895ರಲ್ಲಿ ಸ್ಥಾಪಿಸಿದನು. 1932ರಲ್ಲಿ ಉತ್ತರದ ಕಿಂಡರ್ ಸ್ಕೌಟ್ ಬೆಟ್ಟವನ್ನು ಅಪ್ಪಣೆಯಿಲ್ಲದೆ ಏರಿದ ತರುಣರಲ್ಲಿ ಐವರು ಸೆರೆಮನೆಗೆ ಹೋದರು. 1949ರ ಶಾಸನವು ರಾಷ್ಟ್ರೀಯ ಉದ್ಯಾನಗಳಿಗೆ ಅವಕಾಶ ಮಾಡಿ, ಕಾಲುದಾರಿಗಳನ್ನೆಲ್ಲ ನಕ್ಷೆಗಳಲ್ಲಿ ದಾಖಲೆ ಮಾಡತಕ್ಕದ್ದೆಂದು ವಿಧಿಸಿತು.

ಕಾಡಿನ ಹಾದಿಯಲ್ಲಿ ಮಕ್ಕಳೊಡನೆ ನಡೆಯುವ ಸುಖವು ಪ್ರಕೃತಿಯು ತಾನಾಗಿ ಕೊಟ್ಟ ವರವೆಂದು ತೋರುವುದು ಸಹಜ. ಎಪ್ಪಿಂಗಿನ ವೃತ್ತಾಂತವು ಬೇರೆಯದನ್ನೇ ತಿಳಿಸುತ್ತದೆ. ಅಲ್ಲಿ ವಿಹಾರಕ್ಕೆ ಬರುವವರ ಹಕ್ಕನ್ನು ಉಳಿಸಿದವರು ವಿಹಾರಕ್ಕೆ ಬಂದವರಲ್ಲ. ಸೌದೆಗಾಗಿಯೂ ದನದ ಮೇವಿಗಾಗಿಯೂ ದಿನವೂ ಆ ನೆಲವನ್ನು ತುಳಿದವರು. ಅರಣ್ಯದಲ್ಲಿ ಇಂದಿಗೂ 50,000ಕ್ಕೂ ಹೆಚ್ಚಾಗಿ ನಿಂತಿರುವ ಮೊಟಕುತಲೆಯ ಮುದಿಮರಗಳು ಅವರ ಕೈಕೆಲಸಕ್ಕೆ ಸಾಕ್ಷಿಗಳು. ಆ ಮರಗಳ ಕೆಳಗೆ ಕುಳಿತು ಬುತ್ತಿಯನ್ನು ಬಿಚ್ಚುವ ಕುಟುಂಬಗಳು ವಿಲಿಂಗೇಲನಿಗೂ ಅವನ ಜೊತೆಗಾರರಿಗೂ ಋಣಿಗಳಾಗಿವೆ.